ಟ್ರೇಲರ್ ಕಟ್ಟಿ ಪರೀಕ್ಷೆ ಮಾಡಿ
ಟ್ರ್ಯಾಕ್ಟರ್ ಇಟ್ಟುಕೊಂಡವರಲ್ಲಿ, ಓಡಿಸುವವರಲ್ಲಿ, ಅದರ ಹಿಂದೆ ಬೈಕಿನಲ್ಲಿ ಬರುವವರಲ್ಲಿ ಒಂದು ಅರಿಕೆ

ನಾನು ಡಿಎಲ್ ಪರೀಕ್ಷೆಗೆ ಹೋದ ದಿನ ಕಚೇರಿಯ ಗೇಟಿನಾಚೆ ಹುಣಸೆಮರದ ನೆರಳಲ್ಲಿ ನಾಲ್ಕು ಟ್ರೇಲರ್‌ಗಳು ಮೂಗು ನೆಲಕ್ಕೂರಿ ನಿಂತಿದ್ದವು. ಒಂದು ನನ್ನದು. "ಇಂಜಿನ್ ಒಂದೇ ಒಳಗೆ ತನ್ನಿ, ಟೇಲರ್ ಬಿಚ್ಚಿ ಇಲ್ಲೇ ಬಿಡಿ" ಎಂದು ಬ್ರೋಕರ್ ಹಿಂದಿನ ದಿನವೇ ಹೇಳಿಕೊಟ್ಟಿದ್ದ. ಬಿಚ್ಚಿಟ್ಟು ಒಳಗೆ ಹೋದೆ. ಐವತ್ತು ಗಜ ಮುಂದಕ್ಕೆ, ಹತ್ತು ಗಜ ಹಿಂದಕ್ಕೆ, ಬಲಗೈ ಚಾಚಿ ಒಂದು ಸಿಗ್ನಲ್. ಪಾಸು. ಹೊರಗೆ ಬಂದು ಅದೇ ಟ್ರೇಲರ್ ಸಿಕ್ಕಿಸಿಕೊಂಡು ಊರಿಗೆ ಬಂದವನು ಮನೆ ಮುಂದೆ ರಿವರ್ಸ್ ತೆಗೆಯಲು ಹೋಗಿ ಕೊಟ್ಟಿಗೆಯ ಕಲ್ಲುಕಂಬ ಕೆಡವಿದೆ. ಹಸು ಮೇಯಲು ಹೋಗಿತ್ತು, ಬಚಾವ್. ಡಿಎಲ್ ಕಾರ್ಡು ಅಂಚೆಯಲ್ಲಿ ಬರುವಷ್ಟರಲ್ಲಿ ಕಂಬ ಬಿದ್ದು ಹತ್ತು ದಿನವಾಗಿತ್ತು.

ನಾವು ಕೇಳುತ್ತಿರುವುದು ಇಷ್ಟೇ: ಟ್ರ್ಯಾಕ್ಟರ್ ಓಡಿಸುವವನ ಪರೀಕ್ಷೆ ಟ್ರೇಲರ್ ಕಟ್ಟಿಯೇ ನಡೆಯಲಿ.

ಈಗಿನ ಕಾನೂನು ನೋಡಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬರಿಯ ತೂಕ 7,500 ಕೆಜಿ ಮೀರದ ಟ್ರ್ಯಾಕ್ಟರ್ 'ಲಘು ಮೋಟಾರು ವಾಹನ'. ಬರಿಯ ತೂಕ ಅಂದರೆ ಇಂಜಿನ್ನಿನದು ಮಾತ್ರ. ಹಿಂದೆ ಕಟ್ಟಿದ್ದು ಲೆಕ್ಕಕ್ಕಿಲ್ಲ. ನಮ್ಮೂರಿನ ಟ್ರ್ಯಾಕ್ಟರುಗಳು ಎರಡು ಟನ್ ಆಸುಪಾಸು ತೂಗುತ್ತವೆ. ಕಬ್ಬು ಅರೆಯುವ ಕಾಲದಲ್ಲಿ ಆ ಎರಡು ಟನ್ನಿನ ಹಿಂದೆ ಹತ್ತು ಟನ್, ಡಬಲ್ ಟ್ರಾಲಿಯಾದರೆ ಇನ್ನೂ ಮೇಲೆ. ಕಾಗದದಲ್ಲಿ ಇದು ಈಗಲೂ ಲಘು ವಾಹನವೇ! ಇನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ. ಪರೀಕ್ಷೆಯಲ್ಲಿ ಏನೇನು ಮಾಡಿ ತೋರಿಸಬೇಕು ಎಂದು ಅದರಲ್ಲಿ ಉದ್ದನೆಯ ಪಟ್ಟಿಯಿದೆ, ಇಕ್ಕಟ್ಟಿನ ಜಾಗಕ್ಕೆ ರಿವರ್ಸ್ ಬರುವುದೂ ಇದೆ. ಹಿಂದೆ ಟ್ರೇಲರ್ ಕಟ್ಟಿಕೊಂಡು ಬಂದು ತೋರಿಸು ಎಂಬ ಮಾತು ಮಾತ್ರ ಇಲ್ಲ.

ಕೋರ್ಟುಗಳಲ್ಲಿ ಟ್ರೇಲರ್ ಬಗ್ಗೆ ಚರ್ಚೆ ಬೇಕಾದಷ್ಟು ಆಗಿದೆ. 2001ರ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವನು ಟ್ರೇಲರ್ ಕಟ್ಟಿ ಸರಕು ಹೇರಿದ ಮಾತ್ರಕ್ಕೆ ಅವನ ಲೈಸೆನ್ಸ್ ರದ್ದಾಗುವುದಿಲ್ಲ ಎಂದಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ಲಘು ವಾಹನದ ಲೈಸೆನ್ಸಿನಲ್ಲೇ 7,500 ಕೆಜಿಯೊಳಗಿನ ಸರಕು ವಾಹನವನ್ನೂ ಓಡಿಸಬಹುದು ಎಂದು ತೀರ್ಮಾನಿಸಿತು. ಇವು ರೈತರ ಪಾಲಿಗೆ ಒಳ್ಳೆಯ ತೀರ್ಪುಗಳೇ. ಇಲ್ಲದಿದ್ದರೆ ಇನ್ಶೂರೆನ್ಸ್ ಕಂಪನಿಗಳು ಲೈಸೆನ್ಸಿನ ನೆಪ ತೆಗೆದು ಕೈತೊಳೆದುಕೊಳ್ಳುತ್ತಿದ್ದವು. ಆದರೆ ಕೋರ್ಟಿನ ಮುಂದಿದ್ದ ಪ್ರಶ್ನೆ ಕಾರ್ಡು ಸರಿಯಿದೆಯೇ ಎಂಬುದು. ಕಾರ್ಡು ಇಟ್ಟುಕೊಂಡವನಿಗೆ ಟ್ರೇಲರ್ ಹಿಂದಕ್ಕೆ ಹೊಡೆಯಲು ಬರುತ್ತದೆಯೇ ಎಂದು ಯಾರು ಕೇಳಬೇಕು? ಆ ಪ್ರಶ್ನೆಗೆ ಜಾಗವಿರುವುದು ಪರೀಕ್ಷೆಯ ಮೈದಾನದಲ್ಲಿ. ಅಲ್ಲಿ ಟ್ರೇಲರ್ ಹುಣಸೆಮರದಡಿ ಉಳಿದಿರುತ್ತದೆ.

ಟ್ರೇಲರ್ ಕಟ್ಟಿದ ಗಾಡಿಯೇ ಬೇರೆ ಜಾತಿ. ಕಾರು ಕಲಿತವನ ಕೈ ಬಲಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ ಬರುತ್ತದೆ. ಟ್ರೇಲರ್ ಕಟ್ಟಿ ರಿವರ್ಸಿನಲ್ಲಿ ಸ್ಟೀರಿಂಗ್ ಬಲಕ್ಕೆ ತಿರುಗಿಸಿ ನೋಡಿ, ಟ್ರೇಲರ್ ಎಡಕ್ಕೆ ಸರಿಯುತ್ತದೆ. ಗಾಬರಿಯಾಗಿ ಇನ್ನಷ್ಟು ಬಲಕ್ಕೆ ತಿರುಗಿಸುತ್ತೀರಿ, ಅದು ಇನ್ನಷ್ಟು ಎಡಕ್ಕೆ ಮಡಚಿ ಇಂಜಿನ್ನಿಗೂ ತೊಟ್ಟಿಗೂ ಕತ್ತರಿ ಬೀಳುತ್ತದೆ. ಆ ಕತ್ತರಿಯ ನಡುವೆ ನಿಂತು "ಬಾ, ಬಾ, ಬಾ" ಅನ್ನುತ್ತಿರುವವನು ಸಾಮಾನ್ಯವಾಗಿ ಮನೆಯ ಹುಡುಗ.

ಬ್ರೇಕಿನ ಕಥೆ ಇನ್ನೊಂದು. ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲು, ಎಡಗಡೆಯ ಗಾಲಿಗೊಂದು, ಬಲಗಡೆಯ ಗಾಲಿಗೊಂದು. ಉಳುವಾಗ ಸಾಲಿನ ಕೊನೆಯಲ್ಲಿ ಗಿರ್ರನೆ ತಿರುಗಿಸಿಕೊಳ್ಳಲು. ರಸ್ತೆಗೆ ಹತ್ತುವ ಮೊದಲು ಎರಡನ್ನೂ ಕೂಡಿಸುವ ಸಣ್ಣ ಪಟ್ಟಿಯನ್ನು ಆಚೆ ಕೊಕ್ಕೆಗೆ ಹಾಕಬೇಕು. ಹೊಲದಿಂದ ನೇರ ಡಾಂಬರಿಗೆ ಬರುವ ನಾವು ಎಷ್ಟು ಜನ ಅದನ್ನು ಹಾಕುತ್ತೇವೆ? ಲೋಡು ಹೇರಿ ಇಳಿಜಾರಿನಲ್ಲಿ ಬರುವಾಗ ಒಂದೇ ಪೆಡಲ್ ಒತ್ತಿದರೆ ಇಂಜಿನ್ ಆ ಕಡೆಗೆ ಎಳೆಯುತ್ತದೆ, ಹಿಂದಿನ ಭಾರ ಮಾತ್ರ ನೆಟ್ಟಗೆ ನೂಕುತ್ತದೆ. ನಮ್ಮ ಟ್ರೇಲರುಗಳಲ್ಲಿ ಬಹಳವಕ್ಕೆ ತಮ್ಮದೇ ಬ್ರೇಕಿಲ್ಲ. ಅಷ್ಟೂ ಭಾರವನ್ನು ಇಂಜಿನ್ನಿನ ಹಿಂದಿನ ಗಾಲಿಗಳೇ ತಡೆಯಬೇಕು. ಡೀಸೆಲ್ ಉಳಿಸುತ್ತೇನೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿಗೆ ಏನು ಹೇಳುವುದು? ಒಂದು ಲೋಟ ಡೀಸೆಲಿನ ಆಸೆ.

ಮತ್ತೆ ಟ್ರೇಲರ್ ಸಿಕ್ಕಿಸುವ ಆ ಪಿನ್ನು. ಹುಕ್ಕಿನಲ್ಲಿ ಇಳಿಬಿಟ್ಟ ಕಬ್ಬಿಣದ ಪಿನ್ನು ಹಳ್ಳದಲ್ಲಿ ಕುಲುಕಿ ಮೇಲಕ್ಕೆ ಎದ್ದು ಬಾರದಿರಲೆಂದು ಅದರ ತುದಿಗೆ ಒಂದು ಕ್ಲಿಪ್ಪು ಹಾಕುತ್ತಾರೆ. ಕ್ಲಿಪ್ಪು ಕಳೆದುಹೋದರೆ ಬೇಲಿಯ ತಂತಿ, ತಂತಿಯೂ ಇಲ್ಲದಿದ್ದರೆ ದೇವರು. ಟ್ರೇಲರ್ ಬಿಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಮತ್ತೆ ಕಟ್ಟಿ, ಪಿನ್ನು, ಕ್ಲಿಪ್ಪು, ಹಿಂದಿನ ರಿಫ್ಲೆಕ್ಟರ್ ತೋರಿಸು ಎಂದು ಪರೀಕ್ಷೆಯಲ್ಲಿ ಕೇಳಿದರೆ ಹತ್ತು ನಿಮಿಷದ ಕೆಲಸ.

"ಇಂಥ ಪರೀಕ್ಷೆ ಎಲ್ಲಾದರೂ ಇದೆಯಾ?" ಎಂದು ಕೇಳುವವರಿದ್ದಾರೆ. ಇತ್ತು. ಇಂಗ್ಲೆಂಡಿನಲ್ಲಿ ಜನ ರಜೆಗೆ ಹೊರಟಾಗ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಳ್ಳುತ್ತಾರೆ, ಗಾಲಿಯ ಮೇಲಿನ ಸಣ್ಣ ಮನೆ. ಅಲ್ಲಿ 1997ರ ಜನವರಿ 1ರಿಂದ ಈಚೆಗೆ ಕಾರಿನ ಪರೀಕ್ಷೆ ಪಾಸಾದವರು 750 ಕೆಜಿ ಮೀರಿದ ಟ್ರೇಲರ್ ಕಟ್ಟಿ, ಎರಡರ ಒಟ್ಟು ಮಿತಿ 3,500 ಕೆಜಿ ದಾಟಿತೆಂದರೆ, ಇನ್ನೊಂದು ಪರೀಕ್ಷೆ ಕೊಡಬೇಕಿತ್ತು: ಟ್ರೇಲರ್ ಕಟ್ಟಿಯೇ ರಿವರ್ಸ್, ಬಿಚ್ಚಿ ಮತ್ತೆ ಕಟ್ಟುವುದು, ರಸ್ತೆಯಲ್ಲಿ ಓಡಿಸುವುದು. 2021ರ ಡಿಸೆಂಬರ್ 16ರಿಂದ ಅದನ್ನು ತೆಗೆದುಹಾಕಿದರು. "ನೋಡಿ, ಅವರೇ ಬಿಟ್ಟರು" ಅನ್ನಬೇಡಿ. ಆ ವರ್ಷ ಅಲ್ಲಿ ಲಾರಿ ಚಾಲಕರಿಗೆ ಬರ ಬಂದಿತ್ತು; ಲಾರಿ ಪರೀಕ್ಷೆಗೆ ಪರೀಕ್ಷಕರು ಬೇಕೆಂದು ಕ್ಯಾರವಾನಿನ ಪರೀಕ್ಷೆ ಕೈಬಿಟ್ಟರು. ಟ್ರೇಲರ್ ತಾನಾಗಿಯೇ ನೆಟ್ಟಗೆ ಹಿಂದಕ್ಕೆ ಹೋಗಲು ಕಲಿತಿತೆಂದಲ್ಲ. ಅದೂ ಅಲ್ಲದೆ ಅಲ್ಲಿ 750 ಕೆಜಿ ದಾಟಿದ ಟ್ರೇಲರಿಗೆ ಅದರದೇ ಬ್ರೇಕು ಕಡ್ಡಾಯ. ಯುರೋಪಿನ ಒಕ್ಕೂಟದಲ್ಲಿ ನಡುವಿನ ದಾರಿಯೊಂದಿದೆ. ಒಟ್ಟು ತೂಕ 3,500ರಿಂದ 4,250 ಕೆಜಿಯೊಳಗಿದ್ದರೆ ಪೂರ್ತಿ ಹೊಸ ಲೈಸೆನ್ಸ್ ಬೇಡ. ದೇಶ ದೇಶಕ್ಕೆ ಬೇರೆಯಾಗಿ ಒಂದು ತರಬೇತಿ, ಇಲ್ಲವೇ ಒಂದು ಪರೀಕ್ಷೆ, ಇಲ್ಲವೇ ಎರಡೂ. ತರಬೇತಿ ಕನಿಷ್ಠ ಏಳು ಗಂಟೆಯದು. ಏಳು ಗಂಟೆ ಅಂದರೆ ನಮಗೆ ಒಂದು ದಿನದ ಉಳುಮೆ.

ಇನ್ನು ನಮ್ಮವರ ಆಕ್ಷೇಪ. ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದು ನನ್ನ ಅಪ್ಪನದೇ: "ಇನ್ನೊಂದು ರೂಲ್ಸು ಅಂದ್ರೆ ಇನ್ನೊಂದು ಫೀಸು, ಇನ್ನೊಬ್ಬ ಬ್ರೋಕರು." ನಿಜ. ತಾಲ್ಲೂಕಿನಿಂದ ಕಚೇರಿಗೆ ಟ್ರೇಲರ್ ಎಳೆದುಕೊಂಡು ಹೋಗಿಬರುವುದರಲ್ಲೇ ಒಂದು ದಿನ ಹೋಗುತ್ತದೆ, ಡೀಸೆಲ್ ಬೇರೆ. ಆದ್ದರಿಂದಲೇ ನಾವು ಹೇಳುವುದು, ಪರೀಕ್ಷಕರೇ ಹೋಬಳಿಗೆ ಬರಲಿ. ಕಬ್ಬು ಅರೆಯುವ ಹಂಗಾಮು ಶುರುವಾಗುವ ಮೊದಲು ಸಂತೆ ಮೈದಾನದಲ್ಲೋ ಎಪಿಎಂಸಿ ಅಂಗಳದಲ್ಲೋ ಎರಡು ದಿನ ಶಿಬಿರ ಮಾಡಲಿ. ಬೆಳಗ್ಗೆ ಕಲಿಸಿ ಮಧ್ಯಾಹ್ನ ಪರೀಕ್ಷಿಸಲಿ. ಹೆಚ್ಚಿನ ಶುಲ್ಕ ಬೇಡ. ಈಗಾಗಲೇ ಲೈಸೆನ್ಸ್ ಇರುವವರ ಕಾರ್ಡಿಗೆ ಯಾರೂ ಕೈ ಹಾಕಬಾರದು. ಅವರು ಬಂದರೆ ಕಲಿಯಲಿ, ಬಾರದಿದ್ದರೆ ಕೇಸು ಬೇಡ. ಹೊಸದಾಗಿ ಡಿಎಲ್ ಮಾಡಿಸುವವನಿಗೆ ಮಾತ್ರ ಕಡ್ಡಾಯವಾಗಲಿ. ಪರೀಕ್ಷೆಯ ನಿಯಮ ಬರೆಯುವುದು ದೆಹಲಿ, ಪರೀಕ್ಷೆ ಮಾಡುವುದು ನಮ್ಮ ಸಾರಿಗೆ ಇಲಾಖೆ. 15ನೇ ನಿಯಮಕ್ಕೆ ಒಂದು ಸಾಲು ಸೇರಿಸಿ ಎಂದು ಸಂಸದರನ್ನು ಕೇಳೋಣ. ಶಿಬಿರಕ್ಕೆ ದೆಹಲಿಯನ್ನು ಕಾಯಬೇಕಿಲ್ಲ, ಜಿಲ್ಲೆಯಲ್ಲೇ ಕೇಳಬಹುದು.

ಒಂದು ಮಾತು ಮಾಲೀಕರಿಗೆ. ಹದಿನಾರರ ಹುಡುಗನ ಕೈಗೆ ಲೋಡು ಕೊಟ್ಟು ಫ್ಯಾಕ್ಟರಿಗೆ ಕಳಿಸುವವರು ತಿಳಿದಿರಲಿ: 2019ರ ತಿದ್ದುಪಡಿ ಬಂದ ಮೇಲೆ ಅಪ್ರಾಪ್ತ ಚಾಲಕನ ತಪ್ಪಿಗೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ ಇದೆ. ಟನ್ ಲೆಕ್ಕದಲ್ಲಿ ಬಾಡಿಗೆ ಕೊಡುವವರೂ ಸ್ವಲ್ಪ ಯೋಚಿಸಬೇಕು. ಟನ್ನಿಗಿಷ್ಟು ಎಂದ ಮೇಲೆ ಹುಡುಗರು ಮುಂದಿನ ಗಾಲಿ ನೆಲ ಬಿಟ್ಟು ಏಳುವ ತನಕ ಹೇರುತ್ತಾರೆ. ಗಾಲಿ ಎದ್ದ ಮೇಲೆ ಸ್ಟೀರಿಂಗ್ ಇದ್ದೂ ಇಲ್ಲ. ಇದು ಯಾವ ಪರೀಕ್ಷೆಯಿಂದಲೂ ಸರಿಹೋಗುವುದಲ್ಲ, ಕೂಲಿಯ ಲೆಕ್ಕದಿಂದ ಸರಿಹೋಗಬೇಕಾದ್ದು. ಅದಕ್ಕೆ ಇನ್ನೊಂದು ಕರಪತ್ರವೇ ಬೇಕು.

ಮುಂದಿನ ಗ್ರಾಮಸಭೆಗೆ ಬನ್ನಿ. ಶಿಬಿರ ಬೇಕೆಂದು ನಿರ್ಣಯ ಬರೆಸಿ, ಸಹಿ ಹಾಕಿ. ಈ ಕಾಗದವನ್ನು ಓದಿ ಬಿಸಾಡಬೇಡಿ, ಟ್ರ್ಯಾಕ್ಟರ್ ಇರುವ ಮನೆಗೆ ಕೊಡಿ. ಶಿಬಿರ ಬರುವ ತನಕ ಪ್ರತಿ ಭಾನುವಾರ ಬೆಳಗ್ಗೆ ನಮ್ಮ ಕಣದಲ್ಲಿ ಎರಡು ಖಾಲಿ ಡ್ರಮ್ಮು ನಿಲ್ಲಿಸಿರುತ್ತೇವೆ. ಖಾಲಿ ಟ್ರೇಲರ್ ತನ್ನಿ. ಸ್ಟೀರಿಂಗಿನ ಕೆಳತುದಿ ಹಿಡಿಯಿರಿ, ಮೇಲ್ತುದಿಯಲ್ಲ. ಹಿಂದಕ್ಕೆ ತಿರುಗಿ ನೋಡುತ್ತಾ, ಟ್ರೇಲರ್ ಎತ್ತ ಹೋಗಬೇಕೋ ಕೈಯನ್ನು ಅತ್ತ ಸರಿಸಿ. ಸ್ವಲ್ಪವೇ ಸರಿಸಿ, ನಿಧಾನ. ಅಡ್ಡ ಹೋದರೆ ಮುಂದಕ್ಕೆ ಎಳೆದು ನೆಟ್ಟಗೆ ಮಾಡಿಕೊಂಡು ಮತ್ತೆ ಬನ್ನಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಎರಡು ಡ್ರಮ್ಮಿಗೂ ತಾಗದಂತೆ ನಡುವೆ ಇಟ್ಟವರಿಗೆ ಕಾಫಿ. ತಾಗಿಸಿದವರಿಗೂ ಕಾಫಿ ಇದೆ, ಆದರೆ ಬಿದ್ದ ಡ್ರಮ್ಮು ಅವರೇ ಎತ್ತಿ ನಿಲ್ಲಿಸಬೇಕು.