ಕುದುರೆಯನ್ನು ಒಲಿಸಿ ಪಳಗಿಸಬಹುದೇ?

ಪರ

ಐನೂರು ಕೆ.ಜಿ. ತೂಗುವ ಪ್ರಾಣಿಯ ಬೆನ್ನ ಮೇಲೆ ಕೂತವರ ಬಲ ಎಷ್ಟರದು ಎಂಬುದನ್ನು ಟೋಕಿಯೊ ಒಲಿಂಪಿಕ್ಸ್ ಜಗತ್ತಿಗೆಲ್ಲ ತೋರಿಸಿತು. 2021ರ ಆಗಸ್ಟ್‌ನಲ್ಲಿ ನಡೆದ ಮಹಿಳೆಯರ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಸವಾರಿಯ ಸುತ್ತು ಬರುವವರೆಗೂ ಜರ್ಮನಿಯ ಅನಿಕಾ ಶ್ಲಾಯ್ ಎಲ್ಲರಿಗಿಂತ ಮುಂದಿದ್ದರು. ಆ ಸ್ಪರ್ಧೆಯಲ್ಲಿ ಆಗ ಯಾರೂ ತಮ್ಮ ಕುದುರೆಯನ್ನು ತರುವಂತಿರಲಿಲ್ಲ. ಚೀಟಿಯಲ್ಲಿ ಬಂದ ಕುದುರೆಯೇ ಗತಿ, ಅದರ ಪರಿಚಯಕ್ಕೆ ಸಿಗುತ್ತಿದ್ದುದು 20 ನಿಮಿಷ. ಅವರ ಪಾಲಿಗೆ ಬಂದ ಸೇಂಟ್ ಬಾಯ್ ಅದಾಗಲೇ ಇನ್ನೊಬ್ಬ ಸ್ಪರ್ಧಿಯನ್ನು ಹೊತ್ತು ಹಾರಲೊಲ್ಲದೆ ನಿಂತಿತ್ತು. ಶ್ಲಾಯ್ ಅಳುತ್ತಲೇ ಚಾಟಿ ಬೀಸಿದರು. ಬೇಲಿಯಾಚೆಯಿಂದ ಕೋಚ್ ಕುದುರೆಗೆ ಮುಷ್ಟಿಯಿಂದ ಗುದ್ದಿದರು. ಕುದುರೆಯ ದಿಗಿಲು ಹೆಚ್ಚಿತೇ ಹೊರತು ಸವಾರಿ ಸುಧಾರಿಸಲಿಲ್ಲ. ಪದಕ ಕೈತಪ್ಪಿತು, ಕೋಚ್ ಅನರ್ಹರಾದರು, 2024ರ ಪ್ಯಾರಿಸ್ ಕೂಟದ ನಂತರ ಆ ಸ್ಪರ್ಧೆಯಿಂದ ಕುದುರೆ ಸವಾರಿಯನ್ನೇ ಕೈಬಿಡಲಾಯಿತು. ಒಡನಾಟಕ್ಕೆ ಸಮಯವೇ ಇಲ್ಲದ ಕಡೆ ಸವಾರನ ಕೈಯಲ್ಲಿ ಉಳಿಯುವುದು ಏಟು ಮಾತ್ರ. ಆ ಏಟೂ ಕೆಲಸಕ್ಕೆ ಬರುವುದಿಲ್ಲ.

ಕಾರಣ ಕುದುರೆಯ ಹುಟ್ಟಿನಲ್ಲೇ ಇದೆ. ಅದು ಬೇಟೆಗೆ ಬಲಿಯಾಗುತ್ತ ಬಂದ ಪ್ರಾಣಿ. ಓಟವೇ ಅದರ ರಕ್ಷಣೆ. ಹೆದರಿಸಿ ಕಲಿಸಲು ಹೊರಟರೆ ಅದು ಕಲಿಯುವುದು ಪಾಠವನ್ನಲ್ಲ, ಪಾಠ ಹೇಳುವವನಿಂದ ತಪ್ಪಿಸಿಕೊಳ್ಳುವುದನ್ನು. ಗ್ರೀಸಿನ ಕ್ಸೆನೊಫನ್ ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲೇ ಕೋಪದಲ್ಲಿ ಕುದುರೆಯ ಬಳಿ ಹೋಗಬಾರದೆಂದು ಬರೆದಿದ್ದ. ಹಗ್ಗ ಎಸೆದು ಹಿಡಿದು, ಒದೆತ ನಿಲ್ಲುವವರೆಗೂ ಹತ್ತಿ ಕೂತು ಕುದುರೆಯ ಹಟ ಮುರಿಯುತ್ತಿದ್ದ ಅಮೆರಿಕದ ಪಶ್ಚಿಮ ಸೀಮೆಯಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ ಟಾಮ್ ಡಾರೆನ್ಸ್, ರೇ ಹಂಟ್ ಅಂಥವರು ಅದೇ ಮಾತನ್ನು ದನಗಾಹಿಗಳಿಗೆ ಹೊಸದಾಗಿ ಹೇಳಬೇಕಾಯಿತು. ಕುದುರೆ ನಮ್ಮನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತದೆ ಎಂಬುದಕ್ಕೆ ಬರ್ಲಿನ್ನಿನ ಹಾನ್ಸ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಗೊರಸು ಬಡಿದು ಲೆಕ್ಕ ಹೇಳುತ್ತದೆಂದು ಹೆಸರಾದ ಆ ಕುದುರೆಗೆ ಲೆಕ್ಕವೇನೂ ಬರುತ್ತಿರಲಿಲ್ಲ. ಸರಿಯುತ್ತರ ಬಂದ ಕ್ಷಣ ಪ್ರಶ್ನೆ ಕೇಳಿದವರ ತಲೆ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುವುದನ್ನು ನೋಡಿ ಅದು ಬಡಿತ ನಿಲ್ಲಿಸುತ್ತಿತ್ತು ಎಂದು 1907ರಲ್ಲಿ ಆಸ್ಕರ್ ಫುಂಗ್ಸ್ಟ್ ತೋರಿಸಿದರು. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ಮನುಷ್ಯರ ಮುಖದ ಚಿತ್ರಗಳನ್ನು ತೋರಿಸಿದಾಗ, ಸಿಟ್ಟಿನ ಮುಖ ಕಂಡ ಕುದುರೆಗಳ ಎದೆಬಡಿತ ಬೇಗ ಏರಿತು. ಇಷ್ಟು ತಿಳಿಯುವ ಪ್ರಾಣಿಗೆ ಚಾಟಿಯ ಭಾಷೆ ಅತಿಯಾಯಿತು. ಫ್ರಾನ್ಸಿನ ರೆನ್‌ನಲ್ಲಿ ಕರೋಲ್ ಸಾಂಕಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿನಿಸು ಕೊಟ್ಟು ಕಲಿಸಿದ ಎಳೆಯ ಕುದುರೆಗಳು ಬೇಗ ಕಲಿತವು. ತಿಂಗಳುಗಳ ನಂತರವೂ ಮನುಷ್ಯರ ಬಳಿಗೆ ತಾವಾಗಿ ಬಂದವು.

ಇದೆಲ್ಲ ಹವ್ಯಾಸಕ್ಕೆ ಸಾಕುವವರಿಗೆ ಸರಿ, ಹಣ ಹೂಡಿದ ಕಡೆ ಚಾಟಿ ಬೇಕೇ ಬೇಕು ಎನ್ನುವವರಿದ್ದಾರೆ. ಚಾಟಿಯ ಉಪಯೋಗ ಎಲ್ಲಾದರೂ ಕಾಣಬೇಕಿದ್ದರೆ ಅದು ರೇಸಿನಲ್ಲಿ. ಸಿಡ್ನಿ ವಿಶ್ವವಿದ್ಯಾಲಯದ ಪಾಲ್ ಮೆಕ್‌ಗ್ರೀವಿ ಮತ್ತು ಸಂಗಡಿಗರು ಬ್ರಿಟನ್ನಿನ 126 ರೇಸುಗಳನ್ನು, ಚಾಟಿ ಬೀಸಲು ಬಿಟ್ಟವು ಮತ್ತು ಬಿಡದವು ಎಂದು ವಿಂಗಡಿಸಿ ಹೋಲಿಸಿದರು. 2020ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಓಟದ ವೇಗಕ್ಕಾಗಲಿ, ಕುದುರೆ ಹದ್ದುಬಸ್ತಿನಲ್ಲಿ ಇರುವುದಕ್ಕಾಗಲಿ, ಜಾಕಿಗಳ ಸುರಕ್ಷತೆಗಾಗಲಿ ಚಾಟಿಯಿಂದ ಲಾಭ ಕಾಣಲಿಲ್ಲ. ನಾರ್ವೆ 1982ರಲ್ಲೇ ರೇಸಿನ ಚಾಟಿಗೆ ಕಡಿವಾಣ ಹಾಕಿತು. ಅಲ್ಲಿ ರೇಸೇನೂ ನಿಂತುಹೋಗಿಲ್ಲ.

ವಿರೋಧ

ಏಟು ಬೇಡ ಎಂಬುದನ್ನು ಪೂರ್ತಿ ಒಪ್ಪಿಕೊಂಡರೂ, ಏಟಿಲ್ಲದ್ದೆಲ್ಲ ಸ್ನೇಹವೇ ಎಂಬ ಪ್ರಶ್ನೆ ಉಳಿಯುತ್ತದೆ. ‘ಮೃದು ವಿಧಾನ’ದ ಇತಿಹಾಸ ಇಲ್ಲಿ ಎಚ್ಚರ ಹೇಳುತ್ತದೆ. 1858ರಲ್ಲಿ ಅಮೆರಿಕದ ಜಾನ್ ರೇರಿ ಲಂಡನ್ನಿಗೆ ಬಂದು, ಯಾರೂ ಹತ್ತಿರ ಸುಳಿಯಲಾರದಿದ್ದ ಕ್ರೂಸರ್ ಎಂಬ ಗಂಡುಕುದುರೆಯನ್ನು ಪಳಗಿಸಿ ಮನೆಮಾತಾದ. ವಿಕ್ಟೋರಿಯಾ ರಾಣಿಯೂ ಅವನ ಪ್ರದರ್ಶನ ನೋಡಿದಳು. ಅವನು ಹೊಡೆಯುತ್ತಿರಲಿಲ್ಲ, ನಿಜ. ಮುಂಗಾಲೊಂದನ್ನು ಮಡಿಸಿ ಪಟ್ಟಿಯಿಂದ ಬಿಗಿದು, ಕುದುರೆ ಹೆಣಗಾಡಿ ಹೆಣಗಾಡಿ ನೆಲಕ್ಕೊರಗಿದ ಮೇಲೆ ಅದರ ಮೈ ಸವರುತ್ತಿದ್ದ. ಆ ಕುದುರೆ ಒಲಿಯಿತೋ, ಸೋತು ಸುಮ್ಮನಾಯಿತೋ? ನಮ್ಮ ಕಾಲದಲ್ಲಿ ಈ ಮಾರ್ಗದ ದೊಡ್ಡ ಹೆಸರು ಕ್ಯಾಲಿಫೋರ್ನಿಯಾದ ಮಾಂಟಿ ರಾಬರ್ಟ್ಸ್. 1989ರಲ್ಲಿ ಎಲಿಜಬೆತ್ ರಾಣಿಯೇ ಅವರನ್ನು ವಿಂಡ್ಸರ್‌ಗೆ ಕರೆಸಿಕೊಂಡರು. ಅವರದು ‘ಜಾಯಿನ್-ಅಪ್’. ದುಂಡನೆಯ ಕಟಕಟೆಯೊಳಗೆ ಕುದುರೆಯನ್ನು ಬಿಟ್ಟು, ದಿಟ್ಟಿಸಿ ನೋಡುತ್ತ, ಹಗ್ಗ ಬೀಸುತ್ತ ಓಡಿಸುತ್ತಾರೆ. ಅದು ತಲೆ ತಗ್ಗಿಸಿ ಬಾಯಿ ಚಪ್ಪರಿಸತೊಡಗಿದಾಗ ಇವರು ಬೆನ್ನು ತಿರುಗಿಸುತ್ತಾರೆ. ಕುದುರೆ ಮೆಲ್ಲನೆ ಹಿಂದೆ ಬಂದು ನಿಲ್ಲುತ್ತದೆ. ನೋಡಿದವರ ಕಣ್ಣು ತುಂಬುವ ದೃಶ್ಯ. ಆದರೆ ದುಂಡು ಕಟಕಟೆಗೆ ಮೂಲೆಯಿಲ್ಲ, ಬಾಗಿಲು ಮುಚ್ಚಿದೆ. ಓಡಿದರೆ ಕಾಟ, ಬಳಿ ಬಂದರೆ ಬಿಡುಗಡೆ. ಇದನ್ನು ಒರೆಗೆ ಹಚ್ಚಲೆಂದು ಸಿಡ್ನಿಯ ಸಂಶೋಧಕರು ಮನುಷ್ಯನ ಬದಲು ರಿಮೋಟ್ ಕಾರೊಂದನ್ನು ಕಟಕಟೆಯೊಳಗೆ ಬಿಟ್ಟರು. ಕುದುರೆಗಳು ಆ ಆಟಿಕೆ ಕಾರಿಗೂ ಅದೇ ರೀತಿ ಸ್ಪಂದಿಸಿದವು. ಕಾರಿನೊಂದಿಗೆ ಅವು ಸ್ನೇಹ ಬೆಳೆಸಿದವೆಂದು ಯಾರೂ ಹೇಳಲಾರರು.

ಸ್ನೇಹವೆಂಬ ಮಾತಿಗೆ ಇಷ್ಟು ಮಹತ್ವವೇಕೆ, ಏಟು ತಪ್ಪಿದರೆ ಸಾಲದೇ ಎನ್ನಬಹುದು. ಸಾಲದು. ಸಂಬಂಧದ ಕಥೆಯನ್ನು ನಂಬಿದವರು, ಕುದುರೆ ಮಾತು ಕೇಳದಿದ್ದಾಗ ಅದಕ್ಕೆ ‘ಗೌರವವಿಲ್ಲ’ ಎಂದು ಮುನಿಯುತ್ತಾರೆ. ಬೆನ್ನುನೋವಿದೆಯೇ, ಜೀನು ಒತ್ತುತ್ತಿದೆಯೇ, ಹಲ್ಲು ಚುಚ್ಚುತ್ತಿದೆಯೇ ಎಂದು ನೋಡುವುದು ಆಮೇಲೆ. ಹಾಗೆಯೇ ಪ್ರೀತಿಯ ಹೆಸರಿನಲ್ಲಿ ಇವತ್ತು ಬಿಟ್ಟು, ನಾಳೆ ಗದರಿ, ಹೊತ್ತಿಲ್ಲದ ಹೊತ್ತಿನಲ್ಲಿ ಬೆಲ್ಲ ತಿನ್ನಿಸಿದರೆ ಕುದುರೆ ಕಚ್ಚುವುದನ್ನು ಕಲಿಯುತ್ತದೆ. ಅದಕ್ಕೆ ಬೇಕಾದದ್ದು ಸ್ಪಷ್ಟತೆ: ಲಗಾಮು ಎಳೆದದ್ದಕ್ಕೆ ಒಂದೇ ಅರ್ಥ, ನಿಂತ ಕ್ಷಣವೇ ಸಡಿಲ. ಮೈಸೂರಿನಲ್ಲಿ ದಸರೆಗೆ ಮುಂಚೆ ನಡೆಯುವ ಕುಶಾಲತೋಪಿನ ತಾಲೀಮನ್ನು ಗಮನಿಸಿ. ಜಂಬೂಸವಾರಿಯ ದಿನ ಸಿಡಿಯುವ 21 ತೋಪುಗಳಿಗೆ ಬೆಚ್ಚಬಾರದೆಂದು ಆನೆಗಳ ಜೊತೆ ಅಶ್ವಾರೋಹಿ ಪೊಲೀಸರ ಕುದುರೆಗಳಿಗೂ ಹಲವು ಸುತ್ತು ಸದ್ದಿನ ರೂಢಿ ಮಾಡಿಸುತ್ತಾರೆ. ಮೊದಲ ಸುತ್ತಿನಲ್ಲಿ ಬೆದರಿದವು ಮುಂದಿನ ಸುತ್ತುಗಳಲ್ಲಿ ತಾಳಿಕೊಳ್ಳುತ್ತವೆ. ಜನಸಾಗರದ ನಡುವೆ ಸವಾರನೂ ದಾರಿಹೋಕರೂ ಉಳಿಯುವುದು ಈ ರೂಢಿಯಿಂದ. ಕುದುರೆಗೆ ಸವಾರನ ಮೇಲಿರುವ ಮಮತೆಯೊಂದನ್ನೇ ನೆಚ್ಚಿ ಯಾರೂ ಅದನ್ನು ತೋಪಿನ ಮುಂದೆ ನಿಲ್ಲಿಸುವುದಿಲ್ಲ.

ಈ ವಿರೋಧದಲ್ಲಿ ತೂಕವಿದೆ ಎಂದೇ ನನ್ನ ಎಣಿಕೆ. ಆದರೆ ಅದು ಉರುಳಿಸುವುದು ಕಥೆಯನ್ನು, ವಿಧಾನವನ್ನಲ್ಲ. ರಿಮೋಟ್ ಕಾರಿನ ಪ್ರಯೋಗ ಹೇಳುವುದು ಒತ್ತಡ ಸಡಿಲಿಸಿದ ಗಳಿಗೆಯೇ ಕುದುರೆಗೆ ಪಾಠ ಎಂದು. ಆ ಗಳಿಗೆಯನ್ನು ಹಿಡಿಯಲು ಅದರ ಕಿವಿ, ಬಾಲ, ಉಸಿರು ಬಲ್ಲವರು ಬೇಕು. ಆ ಬಲ್ಮೆ ದಿನಗಟ್ಟಲೆ ಲಾಯದಲ್ಲಿ ಜೊತೆಗಿದ್ದವರಿಗೆ ಬರುತ್ತದೆ, 20 ನಿಮಿಷಕ್ಕೆ ಬರುವುದಿಲ್ಲ. ಸ್ನೇಹವೆಂದು ಕರೆಯಬಹುದಾದದ್ದು ನಿಜಕ್ಕೂ ಇದ್ದರೆ, ಕುದುರೆಗೆ ಬೇಡವೆನ್ನುವ ಅವಕಾಶವೂ ಇರಬೇಕು. ನಾರ್ವೆಯ ಸಂಶೋಧಕರು 2016ರಲ್ಲಿ ಅದನ್ನೂ ಮಾಡಿ ತೋರಿಸಿದರು. 23 ಕುದುರೆಗಳ ಮುಂದೆ ಮೂರು ಹಲಗೆ ಇಟ್ಟು, ತಿನಿಸಿನ ಆಸೆ ತೋರಿಸಿ ಒಂದೊಂದರ ಅರ್ಥ ಕಲಿಸಿದರು: ಅಡ್ಡಗೆರೆಯದು ಕಂಬಳಿ ಹೊದಿಸಿ ಎಂದು, ಉದ್ದಗೆರೆಯದು ಕಂಬಳಿ ತೆಗೆಯಿರಿ ಎಂದು, ಖಾಲಿಯದು ಈಗಿದ್ದಂತೆಯೇ ಇರಲಿ ಎಂದು. ಎರಡು ವಾರದೊಳಗೆ ಎಲ್ಲ ಕುದುರೆಗಳೂ ಕಲಿತವು. ಬಿಸಿಲಿದ್ದಾಗ ಮೂತಿಯಿಂದ ಉದ್ದಗೆರೆಯನ್ನು ಮುಟ್ಟಿದವು. ಮಳೆಗಾಳಿಯ ಚಳಿ ಹಿಡಿದಾಗ ಅಡ್ಡಗೆರೆಯನ್ನು.