ರಕ್ತದ ಅಂಕೆ ಮತ್ತು ನಾಳಿನ ನೆನಪು

ಪಾರ್ಶ್ವವಾಯು ಬಡಿದ ಗುಮಾಸ್ತನೊಬ್ಬನು ಚೇತರಿಸಿಕೊಂಡು ಮನೆಗೆ ಬರುತ್ತಾನೆನ್ನೋಣ. ಕೈಕಾಲು ಆಡುತ್ತವೆ, ಮಾತೂ ಮರಳಿದೆ. ಆದರೆ ಹಿಂದೆ ಬಾಯಲ್ಲೇ ಕೂಡಿಸುತ್ತಿದ್ದ ಲೆಕ್ಕ ಈಗ ಕಾಗದದ ಮೇಲೂ ಸರಿಬಾರದು. ಮನೆಯವರು ಅದನ್ನು ಸೋಮಾರಿತನವೆಂದು ಬಗೆಯುವುದುಂಟು. ವಾಸ್ತವವಾಗಿ ಅದು ಮಿದುಳಿಗಾದ ಗಾಯದ ಫಲ. ಅಮೆರಿಕದ ಹೃದಯ ಸಂಘವು 2023ರಲ್ಲಿ ಪ್ರಕಟಿಸಿದ ಹೇಳಿಕೆಯಂತೆ, ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ನೂರಕ್ಕೆ 60ರವರೆಗೂ ಜನರಿಗೆ ಒಂದು ವರ್ಷದೊಳಗೆ ಇಂಥ ಕುಂದು ತಲೆದೋರುತ್ತದೆ.

ಯಾರಿಗೆ ಇದು ಬರಲಿದೆಯೆಂಬುದನ್ನು ರಕ್ತಪರೀಕ್ಷೆಯಿಂದ ಮುಂಚಿತವಾಗಿ ಅರಿಯಬಹುದೇ? ನರತಂತುಗಳ ಒಳಗೆ ನ್ಯೂರೋಫಿಲಮೆಂಟ್ ಎಂಬ ಆಧಾರದ ಎಳೆಗಳಿವೆ. ತಂತುವಿಗೆ ಗಾಯವಾದರೆ ಅವುಗಳ ಒಂದು ಪ್ರೋಟೀನು ಸೋರಿ ರಕ್ತವನ್ನು ಸೇರುತ್ತದೆ. ಸೇರುವ ಮೊತ್ತವಾದರೋ ಅತ್ಯಲ್ಪ; ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿ, ಅಂಥ ಪಾಲುಗಳಲ್ಲಿ ಅದನ್ನು ಲೆಕ್ಕ ಹಾಕಬೇಕು!

ಭೌತಶಾಸ್ತ್ರದವರಾದ ನಮಗೆ ಅದನ್ನು ಅಳೆಯುವ ಬಗೆಯೇ ಬಹು ಸ್ವಾರಸ್ಯವಾಗಿ ಕಾಣುತ್ತದೆ. 2010ರಲ್ಲಿ ಪ್ರಕಟವಾದ ವಿಧಾನವೊಂದರಲ್ಲಿ, ಈ ಬಗೆಯ ಅಣುಗಳನ್ನು ಹಿಡಿಯಬಲ್ಲ ಸೂಕ್ಷ್ಮ ಮಣಿಗಳನ್ನು ಬೇಕೆಂದೇ ಅಣುಗಳಿಗಿಂತ ಬಹಳ ಹೆಚ್ಚಾಗಿ ಬೆರೆಸುತ್ತಾರೆ. ಆಗ ಒಂದು ಮಣಿಗೆ ಒಂದು ಅಣು ಸಿಕ್ಕೀತು, ಇಲ್ಲವೇ ಒಂದೂ ಸಿಗದು. ಮಣಿಗಳನ್ನು ಒಂದೊಂದಾಗಿ ಪುಟ್ಟ ಕುಳಿಗಳಲ್ಲಿ ಕೂರಿಸಿದರೆ ಅಣುವಿದ್ದ ಕುಳಿ ಬೆಳಗುತ್ತದೆ. ಬೆಳಗಿದ ಕುಳಿಗಳನ್ನು ಎಣಿಸಿದರಾಯಿತು. ಅಳೆಯುವ ಕೆಲಸವನ್ನು ಎಣಿಸುವ ಕೆಲಸವನ್ನಾಗಿ ಮಾಡಿದ ಈ ಯುಕ್ತಿ ಗೈಗರ್ ಯಂತ್ರದ ಬಂಧುವೇ ಸರಿ.

ಆದರೆ ಅಂಕೆ ಸೂಕ್ಷ್ಮವಾದ ಮಾತ್ರಕ್ಕೆ ಅದರ ಅರ್ಥ ಸ್ಪಷ್ಟವಾಗದು. ಈ ಪ್ರೋಟೀನು ವಯಸ್ಸಿನೊಡನೆಯೂ ಏರುತ್ತದೆ. ಮೂತ್ರಪಿಂಡ ಸೊರಗಿದರೂ ಏರುತ್ತದೆ. ಪಾರ್ಶ್ವವಾಯುವಿನ ಮೊದಲ ದಿನ ಒಂದು ಬೆಲೆ, ಕೆಲವು ವಾರಗಳ ಮೇಲೆ ಇನ್ನೂ ಹೆಚ್ಚಿನ ಬೆಲೆ. ಎಷ್ಟು ಹಾನಿಯಾಯಿತೆಂದು ಅದು ಸೂಚಿಸೀತೇ ಹೊರತು ಎಲ್ಲಿ ಎಂದು ಹೇಳಲಾರದು. ಮಿದುಳಿನ ನಡುವಣ ಥಲಾಮಸ್ ಭಾಗದಲ್ಲಿ ಕಿರಿದಾದ ಗಾಯವೊಂದೇ ನೆನಪನ್ನು ಕೆಡಿಸಬಲ್ಲುದು.

ವಿದ್ಯಾರ್ಥಿ ವಾಚಕರು ಒಂದು ಲೆಕ್ಕ ಮಾಡಿ ನೋಡಲಿ. ನೂರು ರೋಗಿಗಳಲ್ಲಿ 40 ಮಂದಿಗೆ ಕುಂದು ಬರಲಿದೆಯೆಂದೂ, ಪರೀಕ್ಷೆಯು ಇಬ್ಬಣದವರಲ್ಲೂ ನೂರಕ್ಕೆ 80ರಷ್ಟು ಸರಿ ಹೇಳುವುದೆಂದೂ ಇಟ್ಟುಕೊಳ್ಳೋಣ. ಅದು 32 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ. ಆರೋಗ್ಯವಾಗಿ ಉಳಿಯಲಿರುವ 60ರಲ್ಲಿ 12 ಮಂದಿಯನ್ನೂ ತಪ್ಪಾಗಿ ಹಿಡಿಯುತ್ತದೆ. ಹೀಗೆ ಎಚ್ಚರಿಕೆ ಪಡೆದ 44 ಮಂದಿಯಲ್ಲಿ 12 ಮಂದಿ ವೃಥಾ ಅಂಜುತ್ತಾರೆ. ಉಳಿದ 56ರಲ್ಲಿ 8 ಮಂದಿ ವೃಥಾ ನಿಶ್ಚಿಂತರಾಗುತ್ತಾರೆ. ಆ ಎಂಟು ಮಂದಿಯ ಯೋಚನೆಯೇ ನಮಗೆ ಹೆಚ್ಚು.

ಆದುದರಿಂದ ಇಂಥ ಅಂಕೆಯನ್ನು ಸಂಶೋಧಕರು ರೋಗಿಗಳ ಗುಂಪುಗಳನ್ನು ಹೋಲಿಸಲು ಧಾರಾಳವಾಗಿ ಬಳಸಲಿ. ಒಬ್ಬ ರೋಗಿಯ ಕೈಗೆ ಜಾತಕದಂತೆ ಕೊಡುವುದು ಮಾತ್ರ ಈಗ ಸಲ್ಲದೆಂದು ನಮ್ಮ ಮತ. 2005ರಲ್ಲಿ ಪ್ರಕಟವಾದ ಮಾಂಟ್ರಿಯಲ್ ಪರೀಕ್ಷೆಯು 30 ಅಂಕಗಳದು. ಹತ್ತು ನಿಮಿಷ, ಒಂದು ಕಾಗದ, ಒಂದು ಪೆನ್ಸಿಲು ಸಾಕು. ನಮ್ಮ ಗುಮಾಸ್ತನಿಂದ ಮೂರನೆಯ ತಿಂಗಳಲ್ಲಿ ಯಾರಾದರೂ ಅದರಲ್ಲಿನ ಗಡಿಯಾರದ ಚಿತ್ರವನ್ನು ಬರೆಯಿಸಿ ನೋಡಿದ್ದರೆ, ಮನೆಯವರ ಮೂದಲಿಕೆಯಾದರೂ ತಪ್ಪುತ್ತಿತ್ತೇನೋ.