ಟೆನೆಸಿಯ ಶಾಸಕರು ಯಾರಿಗೆ ಹೆದರುತ್ತಾರೆ?

ಕೋವಿಯ ಮೇಲೆ ನನಗೆ ದ್ವೇಷವಿಲ್ಲ. ಕೊಡಗಿನಲ್ಲಿ ಹುಟ್ಟಿದವನು ನಾನು. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಕೋವಿಗಳನ್ನೆಲ್ಲ ಸಾಲಾಗಿ ಇಟ್ಟು, ಗಂಧ ಹಚ್ಚಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಕೈ ಮುಗಿಯುವುದನ್ನು ನೋಡುತ್ತ ಬೆಳೆದೆ. ನಮ್ಮಲ್ಲಿ ಹುಟ್ಟಿಗೂ ಸಾವಿಗೂ ಗುಂಡು ಹಾರುತ್ತದೆ. ಆಮೇಲೆ ಸೇನೆ ಸೇರಿ, ಪಿಂಚಣಿ ಬರುವ ತನಕ ರೈಫಲ್ ಹೊತ್ತೆ. ಬಂದೂಕು ಗೊತ್ತಿಲ್ಲದವರೇ ಬಂದೂಕು ಕಾನೂನಿನ ಬಗ್ಗೆ ಮಾತಾಡುತ್ತಾರೆ ಎಂಬ ದೂರನ್ನು ಅಮೆರಿಕದಲ್ಲಿ ಬಹಳ ಕೇಳಿದ್ದೇನೆ. ಅದಕ್ಕೇ ಇಷ್ಟನ್ನು ಮೊದಲೇ ಹೇಳಿಬಿಟ್ಟೆ.

ಮಗಳ ಸಂಸಾರ ಇರುವುದು ಟೆನೆಸಿ ರಾಜ್ಯದಲ್ಲಿ, ನ್ಯಾಶ್‌ವಿಲ್ ನಗರದಿಂದ ದಕ್ಷಿಣಕ್ಕೆ. ಮೊಮ್ಮಗ ಮೂರನೇ ತರಗತಿ. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ಅವನ ತರಗತಿಗೆ ಕವಾಯತು ಮಾಡಿಸುತ್ತಾರೆ. ದೀಪ ಆರಿಸಿ, ಬಾಗಿಲಿನಿಂದ ಕಾಣದ ಮೂಲೆಯಲ್ಲಿ ಒತ್ತಾಗಿ ಕೂರಬೇಕು. ‘ಕೆಮ್ಮು ಬಂದ್ರೂ ಕೆಮ್ಮಬಾರದು ತಾತ’ ಎಂದ. ನನಗೆ ಇದನ್ನು ಕಲಿಸಿದ್ದು ಸೇನೆ, ಇಪ್ಪತ್ತು ದಾಟಿದ ಮೇಲೆ.

ಅವನ ಶಾಲೆಯಿಂದ ಹೆಚ್ಚು ದೂರವಲ್ಲದ ಕವನೆಂಟ್ ಶಾಲೆಯಲ್ಲಿ 2023ರ ಮಾರ್ಚ್ 27ರಂದು ಒಂಬತ್ತು ವರ್ಷದ ಮೂವರು ಮಕ್ಕಳೂ ಮೂವರು ದೊಡ್ಡವರೂ ಗುಂಡಿಗೆ ಬಲಿಯಾದರು. ಕೊಂದದ್ದು ಅದೇ ಶಾಲೆಯಲ್ಲಿ ಹಿಂದೆ ಓದಿದ್ದ 28 ವರ್ಷದ ವ್ಯಕ್ತಿ. ಆ ವ್ಯಕ್ತಿಗೆ ಮಾನಸಿಕ ಸಮಸ್ಯೆಗೆ ಚಿಕಿತ್ಸೆ ನಡೆಯುತ್ತಿತ್ತು, ಆ ಕೈಗೆ ಆಯುಧ ಸಿಗಬಾರದು ಎಂದು ಹೆತ್ತವರಿಗೂ ಅನ್ನಿಸಿತ್ತು ಎಂದು ಪೊಲೀಸರೇ ಹೇಳಿದರು. ಆದರೂ ಏಳು ಬಂದೂಕುಗಳನ್ನು ಸ್ಥಳೀಯ ಅಂಗಡಿಗಳಲ್ಲೇ ಖರೀದಿ ಮಾಡಲಾಗಿತ್ತು. ಏಳೂ ಕಾನೂನುಬದ್ಧ. ಅಪಾಯ ಕಂಡಾಗ ನ್ಯಾಯಾಧೀಶರ ಆದೇಶದಿಂದ ಕೆಲಕಾಲ ಆಯುಧ ತೆಗೆದಿಡುವ ‘ರೆಡ್ ಫ್ಲಾಗ್’ ಕಾನೂನು ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಟೆನೆಸಿಯಲ್ಲಿ ಇರಲಿಲ್ಲ.

ಮುಂದೆ ನಡೆದದ್ದನ್ನು ಓದುಗರು ಗಮನವಿಟ್ಟು ನೋಡಬೇಕು. ಸಾವಿರಾರು ಜನ, ಅದರಲ್ಲೂ ಶಾಲೆಯ ಮಕ್ಕಳು, ಶಾಸನಸಭೆಯ ಮುಂದೆ ಸೇರಿದರು. ಒಳಗೆ ಧ್ವನಿವರ್ಧಕ ಹಿಡಿದು ಅವರ ಪರ ಕೂಗಿದ ಇಬ್ಬರು ಯುವ ಶಾಸಕರನ್ನು, ಜಸ್ಟಿನ್ ಜೋನ್ಸ್ ಮತ್ತು ಜಸ್ಟಿನ್ ಪಿಯರ್ಸನ್ ಅವರನ್ನು, ಸದನ ಏಪ್ರಿಲ್ 6ರಂದು ಉಚ್ಚಾಟಿಸಿತು. ವಾರದೊಳಗೆ ಅವರವರ ಊರಿನ ಸ್ಥಳೀಯ ಸಂಸ್ಥೆಗಳು ಇಬ್ಬರನ್ನೂ ಸದನಕ್ಕೆ ವಾಪಸು ಕಳಿಸಿದವು. ರಿಪಬ್ಲಿಕನ್ ಗವರ್ನರ್ ಬಿಲ್ ಲೀ ಅವರ ಹೆಂಡತಿಯ ಗೆಳತಿಯರೂ ಸತ್ತವರಲ್ಲಿ ಇದ್ದರು. ಲೀ ಅವರೇ ಮುಂದೆ ಬಂದು, ಅಪಾಯಕಾರಿ ವ್ಯಕ್ತಿಯಿಂದ ಆಯುಧ ದೂರ ಇಡುವ ಕಾನೂನು ಮಾಡಿ ಎಂದು ತಮ್ಮ ಪಕ್ಷದ ಶಾಸಕರನ್ನು ಕೇಳಿಕೊಂಡರು. ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ ರಾಜ್ಯದ ಮುಕ್ಕಾಲು ಪಾಲು ಮತದಾರರು ಅಂಥ ಕಾನೂನಿನ ಪರ ಇದ್ದರು. ಆಗಸ್ಟ್‌ನಲ್ಲಿ ವಿಶೇಷ ಅಧಿವೇಶನವೂ ಸೇರಿತು. ಕವನೆಂಟ್ ಶಾಲೆಯ ತಾಯಂದಿರು ದಿನವೂ ಬಂದು ಕೂತರು. ಅವರಲ್ಲಿ ಹಲವರು ರಿಪಬ್ಲಿಕನ್ ಪಕ್ಷಕ್ಕೇ ಮತ ಹಾಕುತ್ತ ಬಂದವರು, ಮನೆಯಲ್ಲಿ ಬಂದೂಕು ಇಟ್ಟುಕೊಂಡವರು. ಸಮಿತಿಯ ಸಭೆಯಲ್ಲಿ ಚಿಕ್ಕ ಕಾಗದದ ಫಲಕ ಹಿಡಿದಿದ್ದಕ್ಕೆ ಮೂವರು ಮಹಿಳೆಯರನ್ನು ಹೊರಗೆ ಕಳಿಸಿದರು. ಅಧಿವೇಶನ ಮುಗಿದಾಗ ಗವರ್ನರ್ ಕೇಳಿದ್ದ ಕಾನೂನು ಮತಕ್ಕೇ ಬಂದಿರಲಿಲ್ಲ.

ಮರುವರ್ಷ, 2024ರಲ್ಲಿ, ಶಿಕ್ಷಕರು ತರಗತಿಯಲ್ಲಿ ಕೈಬಂದೂಕನ್ನು ಮರೆಮಾಡಿ ಇಟ್ಟುಕೊಳ್ಳಬಹುದು ಎಂಬ ಕಾನೂನು ಬಂತು. ಯಾವ ಶಿಕ್ಷಕರ ಬಳಿ ಬಂದೂಕಿದೆ ಎಂದು ತಂದೆತಾಯಿಗೆ ತಿಳಿಸುವ ಹಾಗಿಲ್ಲ. ಅದೇ ವರ್ಷ, ರಾಜ್ಯದ ಯಾವ ಊರೂ ಸ್ವಂತವಾಗಿ ರೆಡ್ ಫ್ಲಾಗ್ ನಿಯಮ ಮಾಡಿಕೊಳ್ಳಬಾರದು ಎಂದು ಇನ್ನೊಂದು ಕಾನೂನು ಮಾಡಿದರು. ಎರಡಕ್ಕೂ ಸಹಿ ಹಾಕಿದ್ದು ಅದೇ ಬಿಲ್ ಲೀ.

ಮುಕ್ಕಾಲು ಪಾಲು ಜನ ಬೇಕೆಂದದ್ದು, ಗವರ್ನರ್ ಬೇಡಿದ್ದು, ಹೀಗೆ ಬಿದ್ದುಹೋದದ್ದು ಯಾಕೆ? ಹಣ ಎಂದು ಎಲ್ಲರೂ ಹೇಳುತ್ತಾರೆ. ಹಣ ಇದೆ, ಉದ್ಯಮವೂ ಇದೆ. ಪರ್ಮಿಟ್ ಇಲ್ಲದೆ ಕೈಬಂದೂಕು ಒಯ್ಯಬಹುದೆಂಬ 2021ರ ಕಾನೂನಿಗೆ ಗವರ್ನರ್ ಸಮಾರಂಭದ ಸಹಿ ಹಾಕಿದ್ದು ಗ್ಯಾಲಟಿನ್ ಊರಿನ ಬೆರೆಟ್ಟಾ ಬಂದೂಕು ಕಾರ್ಖಾನೆಯಲ್ಲಿ. ಸ್ಮಿತ್ ಆ್ಯಂಡ್ ವೆಸನ್ ಕಂಪನಿ ತನ್ನ ಪ್ರಧಾನ ಕಚೇರಿಯನ್ನು ಮ್ಯಾಸಚೂಸೆಟ್ಸ್‌ನಿಂದ ಟೆನೆಸಿಯ ಮೇರಿವಿಲ್‌ಗೆ ತಂದಿತು. ಕವನೆಂಟ್ ಹತ್ಯೆ ನಡೆದು ಎರಡು ತಿಂಗಳಾಗುವ ಮೊದಲೇ ಬಂದೂಕು ತಯಾರಕರನ್ನು ಮೊಕದ್ದಮೆಗಳಿಂದ ಕಾಪಾಡುವ ಇನ್ನೊಂದು ರಾಜ್ಯ ಕಾನೂನು ಬಂತು. ಇಡೀ ದೇಶಕ್ಕೆ ಅಂಥದ್ದೊಂದು 2005ರಿಂದಲೇ ಇದೆ.

ಆದರೆ ನನ್ನ ಲೆಕ್ಕದಲ್ಲಿ ಬೀಗದ ಕೈ ಇರುವುದು ಬೇರೆ ಕಡೆ, ಡೆಬ್ರಾ ಮ್ಯಾಗರ್ಟ್ ಎಂಬವರ ಕತೆಯಲ್ಲಿ. 2012ರಲ್ಲಿ ಅವರು ಟೆನೆಸಿ ಕೆಳಮನೆಯ ರಿಪಬ್ಲಿಕನ್ ಶಾಸಕಾಂಗ ಪಕ್ಷದ ಅಧ್ಯಕ್ಷೆ. ಬಂದೂಕು ಲಾಬಿಯ ದೊಡ್ಡ ಸಂಸ್ಥೆ ನ್ಯಾಷನಲ್ ರೈಫಲ್ ಅಸೋಸಿಯೇಷನ್, ಅಂದರೆ ಎನ್‌ಆರ್‌ಎಯ ಆಜೀವ ಸದಸ್ಯೆ. ಆ ವರ್ಷ ಒಂದು ಮಸೂದೆ ಬಂತು: ನೌಕರರು ಕಂಪನಿಯ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ ಕಾರಿನೊಳಗೆ ಬಂದೂಕು ಇಡಬಹುದು, ಮಾಲೀಕರು ತಡೆಯುವಂತಿಲ್ಲ. ಕಂಪನಿಗಳು ಒಪ್ಪಲಿಲ್ಲ. ಮ್ಯಾಗರ್ಟ್ ಮತ್ತು ಇತರ ನಾಯಕರು ಮಸೂದೆಯನ್ನು ಮತಕ್ಕೆ ಹಾಕಲಿಲ್ಲ. ಅಷ್ಟೇ ಅವರು ಮಾಡಿದ್ದು. ಆಗಸ್ಟ್‌ನ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಟಿಕೆಟ್ ಯಾರಿಗೆಂದು ಮತದಾರರೇ ತೀರ್ಮಾನಿಸುವ ಚುನಾವಣೆಯಲ್ಲಿ, ಎನ್‌ಆರ್‌ಎ ಅವರ ಎದುರಾಳಿಯ ಪರ ನಿಂತು ದುಡ್ಡು ಸುರಿಯಿತು. ಮ್ಯಾಗರ್ಟ್ ಸೋತರು. ಮರುವರ್ಷ ಪಾರ್ಕಿಂಗ್ ಕಾನೂನು ಪಾಸಾಯಿತು.

ಟೆನೆಸಿಯ ಕೆಳಮನೆಯ 99 ಸ್ಥಾನಗಳಲ್ಲಿ 75 ರಿಪಬ್ಲಿಕನ್ನರದ್ದು. ಬಹುಪಾಲು ಕ್ಷೇತ್ರಗಳಲ್ಲಿ ಪಕ್ಷದ ಟಿಕೆಟ್ ಸಿಕ್ಕಿತೆಂದರೆ ನವೆಂಬರ್‌ನ ಗೆಲುವು ಸಿಕ್ಕ ಹಾಗೆಯೇ. ಶಾಸಕರಿಗೆ ಪರೀಕ್ಷೆ ಆಗಸ್ಟ್‌ನದು, ಆಗ ಮತ ಹಾಕುವವರು ಸ್ವಲ್ಪ ಜನ. ಆ ಸ್ವಲ್ಪ ಜನರಲ್ಲಿ ಬಂದೂಕೊಂದೇ ವಿಷಯವಾದವರು ತಪ್ಪದೆ ಬರುತ್ತಾರೆ. ಎನ್‌ಆರ್‌ಎ ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ಅದನ್ನು ಮೂವತ್ತು ವರ್ಷಕ್ಕೂ ಹೆಚ್ಚು ನಡೆಸಿದ ವೇಯ್ನ್ ಲಾಪಿಯರ್ ಸಂಸ್ಥೆಯ ಹಣ ದುರುಪಯೋಗ ಮಾಡಿದ್ದಾರೆಂದು ನ್ಯೂಯಾರ್ಕ್‌ನ ಜ್ಯೂರಿ 2024ರಲ್ಲಿ ತೀರ್ಮಾನಿಸಿತು. ಆದರೂ ಭಯ ಉಳಿದಿದೆ, ಏಕೆಂದರೆ ಮ್ಯಾಗರ್ಟ್‌ಗೆ ಆದದ್ದನ್ನು ಅಲ್ಲಿನ ಯಾವ ಶಾಸಕರೂ ಮರೆತಿಲ್ಲ.

ಬಂದೂಕು ಅಮೆರಿಕದ ಸಂಸ್ಕೃತಿ, ಅದನ್ನು ಪ್ರಶ್ನಿಸಬಾರದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇರುವುದು ಬ್ರಿಟಿಷರ ಕಾಲದಿಂದ. ಆದರೂ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮುಂದುವರಿಸಿದಾಗ 2029ರ ತನಕ ಎಂದು ಗಡುವು ಹಾಕಿತು. ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ ವಿಚಾರಣೆಗೆ ತೆಗೆದುಕೊಂಡು, 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೋವಿಯನ್ನು ದೇವರ ಪಕ್ಕ ಇಡುವ ನಮಗೂ ಪ್ರಶ್ನೆ ಇದೆ, ಗಡುವು ಇದೆ, ಅದರಿಂದ ನಮ್ಮ ಹಬ್ಬವೇನೂ ನಿಂತಿಲ್ಲ. ನಮ್ಮಲ್ಲೂ ಕೋವಿಯಿಂದ ಸಾವುಗಳಾಗಿವೆ. ಹಂದಿ ಬೇಟೆಯಲ್ಲಿ ಗುರಿ ತಪ್ಪಿದ ಗುಂಡು, ಆಸ್ತಿ ಜಗಳದಲ್ಲಿ ಹಾರಿದ ಗುಂಡು ಎಷ್ಟೋ ಮನೆಗಳನ್ನು ಹಾಳುಮಾಡಿವೆ. ಅದಕ್ಕೇ ಪ್ರಶ್ನೆ ಬೇಕು ಎನ್ನುತ್ತೇನೆ. ಸೇನೆಯಲ್ಲಂತೂ ರೈಫಲ್ ನನ್ನದಾಗಿರಲೇ ಇಲ್ಲ. ಕೋತ್ ಎಂಬ ಆಯುಧಾಗಾರದಿಂದ ಸಹಿ ಹಾಕಿ ಪಡೆದು, ಸಂಜೆ ಎಣಿಸಿ ಒಪ್ಪಿಸಬೇಕು. ಒಂದು ರೈಫಲ್ ಕಡಿಮೆ ಬಂದರೆ ಇಡೀ ಪಲ್ಟನ್‌ಗೆ ನಿದ್ದೆಯಿಲ್ಲ. ನಾನು ಹಿಡಿದ ಇನ್ಸಾಸ್ ರೈಫಲ್‌ನ ಗುಂಡು 5.56 ಮಿಲಿಮೀಟರ್‌ನದು. ಅಮೆರಿಕದ ಅಂಗಡಿಗಳಲ್ಲಿ ಮಾರುವ ಎಆರ್-15 ಮಾದರಿಯ ರೈಫಲ್‌ಗಳ ಸಾಮಾನ್ಯ ಗುಂಡೂ ಅದೇ ಅಳತೆಯದು. ಅದು ದೊಡ್ಡವರ ದೇಹಕ್ಕೆ ಮಾಡುವುದನ್ನು ಬಲ್ಲೆ. ಒಂಬತ್ತು ವರ್ಷದ ದೇಹದ ವಿಷಯ ಯೋಚಿಸಲೂ ಮನಸ್ಸು ಬರುವುದಿಲ್ಲ. 2020ರಿಂದ ಅಮೆರಿಕದಲ್ಲಿ 1ರಿಂದ 19 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ಬಂದೂಕು, ರಸ್ತೆ ಅಪಘಾತವನ್ನೂ ಮೀರಿ.

‘ಬಿಡಪ್ಪ, ಇಲ್ಲಿ ಏನೂ ಬದಲಾಗಲ್ಲ’ ಎನ್ನುತ್ತಾಳೆ ಮಗಳು. ಅವಳ ಹಾಗೆ ಸಾಕಾಗಿಹೋದವರು ಆ ರಾಜ್ಯದಲ್ಲಿ ಲಕ್ಷಗಟ್ಟಲೆ. ಅವರ ಬೇಸರ ನ್ಯಾಯವಾದದ್ದೇ. ಆದರೆ ಲಾಬಿ ನಂಬಿಕೊಂಡಿರುವುದೂ ಆ ಬೇಸರವನ್ನೇ. ಮೇಣದಬತ್ತಿ ಹಚ್ಚಿದವರು, ಮೆರವಣಿಗೆ ಬಂದವರು ಆಗಸ್ಟ್‌ನಲ್ಲಿ ಮನೆಯಲ್ಲೇ ಉಳಿದರೆ ಶಾಸಕರಿಗೆ ಅವರ ಲೆಕ್ಕವಿಲ್ಲ.

ಅಲ್ಲಿನ ಪೌರತ್ವ ಪಡೆದ ಕನ್ನಡಿಗರಲ್ಲಿ ನನ್ನ ಮನವಿ ಇದು. ನವೆಂಬರ್ ಮತದ ಜೊತೆಗೆ ಪ್ರೈಮರಿಗೂ ಹೋಗಿ. ಟೆನೆಸಿಯಲ್ಲಿ ಪಕ್ಷವಾರು ಮತದಾರರ ನೋಂದಣಿ ಇಲ್ಲ, ಯಾವ ಪಕ್ಷದ ಮತಪತ್ರ ಬೇಕೆಂದು ಮತಗಟ್ಟೆಯಲ್ಲೇ ಕೇಳುತ್ತಾರೆ. ರಿಪಬ್ಲಿಕನ್ ಪಕ್ಷ ನಮ್ಮದು ಎನ್ನುವವರು ನಮ್ಮವರಲ್ಲೂ ಬಹಳ ಇದ್ದಾರೆ. ಆ ಪಕ್ಷದೊಳಗಿನ ಭಯ ಕಳೆಯಲು ಆಗುವುದು ಅವರಿಂದಲೇ. ಅಭ್ಯರ್ಥಿ ಬಾಗಿಲಿಗೆ ಬಂದಾಗ ರೆಡ್ ಫ್ಲಾಗ್ ಕಾನೂನಿನ ಬಗ್ಗೆ ಕೇಳಿ, ಉತ್ತರ ನೋಡಿ ಮತ ಹಾಕಿ. ರಾಜ್ಯದ ಪ್ರೈಮರಿ ಸಮಸಂಖ್ಯೆಯ ವರ್ಷಗಳಲ್ಲಿ ಆಗಸ್ಟ್‌ನ ಮೊದಲ ಗುರುವಾರ ನಡೆಯುತ್ತದೆ. ಹೆಸರು ನೋಂದಾಯಿಸುವ ಗಡುವು ಅದಕ್ಕೆ ಸುಮಾರು 30 ದಿನ ಮೊದಲೇ ಮುಗಿಯುತ್ತದೆ.